ಸಾಹೇಬರಿಗಾಗಿ ಹಾಕಿದ ಸಂಕ

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಮಳೆ ನಿಲ್ಲಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತಲೇ ಬಂದೆ. ಕಣ್ಣು ಮುಚ್ಚಿದರೆ ಕಾಣುವುದು ಒಂದೇ ಚಿತ್ರ: ಸೊಂಟಮಟ್ಟ ಹರಿಯುವ ಹಳ್ಳದಲ್ಲಿ ಒಂಟಿ ಹೆಂಗಸು, ತಲೆಗೆ ಬಿಗಿದ ಬಟ್ಟೆ, ಹೆಗಲ ಮೇಲೆ ಅಡಿಕೆ ಮರದ ದಿಮ್ಮಿ.

ಸಂಸೆಯ ಹತ್ತಿರ ನಮ್ಮ ತೋಟದ ಕೆಳಗಿನ ಹಳ್ಳದಾಚೆ ಆಕೆಯ ಮನೆ. ಕಳಸದ ಪೇಟೆಯಲ್ಲಿ ಮೆಣಸಿನ ವ್ಯಾಪಾರ ಮಾಡುತ್ತಿದ್ದ ಗಂಡ ತೀರಿಕೊಂಡಿದ್ದರು. ಹಳ್ಳಕ್ಕೆ ಅಡ್ಡಲಾಗಿ ದಿಮ್ಮಿಗಳನ್ನು ಜೋಡಿಸಿ ಬಿಗಿದ ಸಂಕವೇ ಆಕೆಗೆ ದಾರಿ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಅದನ್ನು ಕೊಚ್ಚಿಕೊಂಡು ಹೋದರೆ, ನೀರು ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಹಾಕಿರುತ್ತಿದ್ದಳು.

"ಆಳು ಕರೀಬಾರದಾ ಮಾರಾಯ್ತಿ?" ಎಂದರೆ, "ಆಳು ಬರೋಕೂ ಸಂಕ ಬೇಕಲ್ಲ ಅಣ್ಣ!" ಎಂದು ನಗುತ್ತಿದ್ದಳು.

ಬಾಯಿ ಮಾತ್ರ ಬೇಲಿಯಿಲ್ಲದ ತೋಟ. ಕಂಡದ್ದನ್ನು ಕಂಡ ಹಾಗೆ ಆಡಿಬಿಡುವುದು.

ಒಂದು ವರ್ಷ ಗುಡ್ಡ ಜರಿದು ಆಕೆಯ ಗದ್ದೆಯ ತುಂಬ ಕಲ್ಲುಮಣ್ಣು ಕೂತಿತು. ನಮ್ಮ ಕಡೆ ಕಾಫಿ ಕಾಯಿ ಉದುರಿತ್ತು. ಸರ್ಕಾರದ ಪರಿಹಾರಕ್ಕೆ ಸರ್ವೆ ಮಾಡಲು ಅಧಿಕಾರಿ ಬರುವವರಿದ್ದರು. ಅವರು ತೋಟದ ಒಳಗೆಲ್ಲ ಇಳಿಯುವುದಿಲ್ಲವೆಂದು, ಎಲ್ಲೆಲ್ಲೋ ಉದುರಿದ್ದನ್ನು ಗುಡಿಸಿ ತಂದು ದಾರಿಬದಿಯ ಗಿಡಗಳ ಬುಡಕ್ಕೆ ಹರಡುವುದು ನಮ್ಮಲ್ಲಿ ಕೆಲವರ ರೂಢಿ. ನಾನೂ ಹರಡಿದ್ದೆ. ಅಧಿಕಾರಿ ನಮ್ಮ ತೋಟ ನೋಡುತ್ತಿದ್ದಾಗ, ಅವರನ್ನು ತನ್ನ ಗದ್ದೆಗೆ ಕರೆಯಲೆಂದು ಬಂದಿದ್ದ ಆಕೆ ಬಗ್ಗಿ ಒಂದು ಕಾಯಿ ಹೆಕ್ಕಿದಳು.

"ಅಲ್ಲ ಅಣ್ಣ, ಅರೇಬಿಕಾ ಗಿಡದಡಿ ರೊಬಸ್ಟಾ ಕಾಯಿ ಉದ್ರಿದೆಯಲ್ಲ! ಕಸಿ ಕಟ್ಟಿದ್ದಾ?"

ಅಧಿಕಾರಿ ಗಹಗಹಿಸಿ ನಕ್ಕರು. ಆಕೆಯೂ ನಕ್ಕಳು, ಕುಹಕವೇನೂ ಇರಲಿಲ್ಲ. ಅಧಿಕಾರಿ ಬರೆದುಕೊಳ್ಳುತ್ತ ಜೀಪಿನತ್ತ ನಡೆದಾಗ ನನ್ನೊಬ್ಬನಿಗೇ, "ನಾನು ಮುಂದೆ ಹೋಗಿರ್ತೀನಿ, ಸಾಹೇಬ್ರನ್ನ ಕರ್ಕೊಂಡು ಬನ್ನಿ. ಬೆಳಗ್ಗೆನೇ ಹೊಸ ಸಂಕ ಹಾಕಿದೀನಿ" ಎಂದು ಇಳಿದು ಹೋದಳು.

ನನ್ನ ಕಿವಿ ಉರಿಯುತ್ತಿತ್ತು.

"ಸಂಕ ಕೊಚ್ಚಿಹೋಗಿದೆ ಸಾರ್, ದಾಟೋ ಹಾಗಿಲ್ಲ" ಎಂದು ಜೀಪಿನ ಹತ್ತಿರ ಹೋಗಿ ಅಧಿಕಾರಿಗೆ ಹೇಳಿದೆ.

"ಆ ಅಮ್ಮ ಹೋದ್ರಲ್ರೀ?"

"ಅವಳಿಗೇನು ಸಾರ್, ನೀರಲ್ಲೇ ಇಳಿದು ಹೋಗ್ತಾಳೆ."

ಅದು ಸರ್ವೆಯ ಕೊನೆಯ ದಿನ. ಆಕೆಯ ಗದ್ದೆ ನೋಡದೆಯೇ ಜೀಪು ತಿರುಗಿ ಹೋಯಿತು. ಸಂಜೆ ಆಕೆ ಬಂದು ಕೇಳಿದಾಗ ಇನ್ನೊಂದು ಸುಳ್ಳು ಬೇಕಾಯಿತು: "ಸಂಕ ದಾಟೋಕೆ ಸಾಹೇಬ್ರು ಹೆದರಿದ್ರು."

ನಮ್ಮೆಲ್ಲರ ಖಾತೆಗೆ ಪರಿಹಾರ ಜಮೆಯಾಯಿತು. ಆಕೆ ಮೊಬೈಲ್ ಹಿಡಿದು ಬಂದು "ನಂದು ಬಂತಾ ನೋಡಿ ಅಣ್ಣ" ಎಂದು ಆಗಾಗ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟು, ಬೇಸಿಗೆಯಿಡೀ ಬುಟ್ಟಿಯಲ್ಲಿ ಕಲ್ಲು ಹೊತ್ತಳು. ಮುಂದಿನ ಮಳೆಗೆ ಆ ಗದ್ದೆಯಲ್ಲಿ ಭತ್ತದ ಸಸಿ ನಿಂತಿತ್ತು! ಹೊತ್ತ ಕಲ್ಲೆಲ್ಲ ಗುಡ್ಡದ ಬುಡದಲ್ಲಿ ಗೋಡೆಯಾಗಿತ್ತು. ಜರಿದು ಬಂದ ಗುಡ್ಡವನ್ನು ಒಬ್ಬಳೇ ಹೆಂಗಸು ಹಿಂದಕ್ಕೆ ತಳ್ಳಿದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ.

ಸಂಕವೂ ಬದಲಾಗಿತ್ತು. ಮೊದಲಿಗಿಂತ ಅಗಲ, ಎರಡೂ ಬದಿಗೆ ಹಿಡಿದುಕೊಳ್ಳಲು ಬಿದಿರು.

"ಇದೆಲ್ಲ ಯಾಕೆ?" ಎಂದೆ.

"ಸಾಹೇಬ್ರಿಗೆ ಹೆದರಿಕೆ ಅಂದ್ರಲ್ಲ ಅಣ್ಣ. ಪಾಪ, ಪೇಟೆಯವರು. ಇನ್ನೊಂದ್ಸಲ ಬಂದ್ರೆ ಹಿಡ್ಕೊಂಡು ಬರ್ಲಿ ಅಂತ."

ಆಗಲೇ ಹೇಳಬೇಕಿತ್ತು. ಆಮೇಲೂ ಪ್ರತಿ ಮಳೆಗಾಲ ಆಕೆ ಬಿದಿರು ಕಟ್ಟುವುದನ್ನು ತೋಟದಿಂದ ನೋಡುತ್ತಿದ್ದೆ, ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದೆ. ಯಾವ ಸಾಹೇಬರೂ ಆ ಸಂಕಕ್ಕೆ ಬರಲಿಲ್ಲ.

ಹೋದ ಮಳೆಗಾಲ ಆಕೆ ತೀರಿಕೊಂಡ ಸುದ್ದಿ ಬಂತು. ಸಂಕದ ಹತ್ತಿರ ಹೋಗಿ ನಿಂತೆ. ಮಂಡಿ ನಡುಗುವ ವಯಸ್ಸು; ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿತ್ತು. ಎರಡೂ ಕೈಯಲ್ಲಿ ಬಿದಿರು ಹಿಡಿದುಕೊಂಡು, ನನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿ ದಾಟಿದೆ. ಬಿದಿರು ಅಲುಗಲಿಲ್ಲ.

ಕ್ಷಮಿಸು ಎಂದು ನಾನು ಒಮ್ಮೆಯೂ ಹೇಳದೇ ಹೋದ ಆಕೆಯ ಹೆಸರು ಐಸಮ್ಮ.