ಅಜ್ಜಿ ಎಳೆದ ಇದ್ದಿಲಿನ ಗೆರೆ

ಇವತ್ತು ಹೊಸ ಹುಣಸೆಹಣ್ಣಿನ ಡಬ್ಬಿಯ ಮುಚ್ಚಳ ತೆಗೆದೆ. ಆ ಹುಳಿ ವಾಸನೆಗೆ ಚುಂಚನಕಟ್ಟೆಯ ನಮ್ಮ ಮನೆಯ ಜಗಲಿ ನೆನಪಾಯಿತು.

ನನ್ನ ಎಂಟನೇ ಕ್ಲಾಸಿನ ಪರೀಕ್ಷೆ ಹತ್ತಿರವಾದ ಹೊತ್ತಿಗೇ ಮನೆಯಲ್ಲಿ ಹುಣಸೆ ಬಿಡಿಸುವ ಕೆಲಸ ಶುರುವಾಗಿತ್ತು. ಫೇಲಾದರೆ ಶಾಲೆ ಬಿಡಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದರು. ಅವ್ವನೋ ಗಳಿಗೆಗೊಮ್ಮೆ ಕೆಲಸಕ್ಕೆ ಕರೆಯುತ್ತಿದ್ದಳು. ಅಕ್ಷರ ಬಾರದ ಅಜ್ಜಿ ಒಂದು ಬೆಳಿಗ್ಗೆ ಜಗಲಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಳು.

"ಕಂಬದ ನೆರಳು ಇಲ್ಲಿಗೆ ಬರೋಗಂಟ ಈ ಮಗೀನ ಯಾರೂ ಕರೀಬ್ಯಾಡಿ. ಇವಳ ಪಾಲಿನ ಹುಣ್ಸೆ ನಾನು ಬಿಡಿಸ್ತೀನಿ."

ಒಂದು ದಿನ ಲೆಕ್ಕ, ಭೂಗೋಳ ಎಲ್ಲವೂ ಓದದೆ ಉಳಿದಿರುವುದನ್ನು ಕಂಡು ಅತ್ತೇಬಿಟ್ಟೆ. ಅಜ್ಜಿ ಪಕ್ಕದಲ್ಲಿ ಬಂದು ಕೂತಳು.

"ಗದ್ದೆ ನಾಟಿ ಎಂಗೆ ಮಾಡ್ತೀವಿ? ಒಂದು ತಾಕು ಮುಗಿಸ್ಕೊಂಡು ಇನ್ನೊಂದಕ್ಕೆ ಇಳೀತೀವಿ. ಇವತ್ತು ಲೆಕ್ಕ ಒಂದೇ ಸಾಕು ಬುಡು, ಮಗ."

ನಾನು ಪಾಸಾದೆ. ಅಜ್ಜಿ ಶಾಲೆಯವರೆಗೂ ನಡೆದು ಬಂದು, "ನಿನ್ನೆಸ್ರು ಯಾವ್ದು, ತೋರ್ಸು" ಎಂದಳು. ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ನನ್ನ ಹೆಸರನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

ಈಗ ನಾನು ಅವಳ ಆಗಿನ ವಯಸ್ಸನ್ನೂ ದಾಟಿದ್ದೇನೆ. ಆ ಬೇಸಿಗೆ ರಜೆಯಲ್ಲಿ ಅವಳ ಹೆಸರು ಬರೆಯುವುದನ್ನಾದರೂ ಅವಳಿಗೆ ಕಲಿಸಬಹುದಿತ್ತು. ನನಗದು ಹೊಳೆಯಲೇ ಇಲ್ಲ.