ಮೈಸುಯಿಯ ‘ಒಲ್ಲೆ’

ನಮ್ಮೂರಿನ ಹೌ ಲಾಯ್‌ಶುನ್‌ನನ್ನು ನೆನೆದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಹೆಂಡತಿ ಮೈಸುಯಿಗೆ ಸೌದೆಯಲ್ಲಿ ಬಾರಿಸಿ, ಆಮೇಲೆ ಅವಳೇ ಬಡಿಸಿದ ನವಣೆ ಗಂಜಿಯನ್ನು ಸೊರಸೊರ ಹೀರುತ್ತಿದ್ದ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಏಟೂ ಕೇಳುತ್ತಿತ್ತು, ಹೀರುವುದೂ ಕೇಳುತ್ತಿತ್ತು. ಯಾವುದು ಹೆಚ್ಚು ಅಸಹ್ಯ ಎಂದು ಹೇಳಲಾರೆ.

ಮೈಸುಯಿ ಅವನ ಮನೆಗೆ ಬಂದದ್ದೂ ಹೊಲಸು ದಾರಿಯಲ್ಲೇ. ಬರಗಾಲದ ವರ್ಷ ಅವಳ ಮೊದಲ ಗಂಡ ಸತ್ತ. ಆ ಗಂಡನ ಅಣ್ಣನೆಂಬ ಪ್ರಾಣಿ ಅವಳನ್ನು ಎರಡು ಮೂಟೆ ನವಣೆಗೆ ಲಾಯ್‌ಶುನ್‌ಗೆ ಮಾರಿದ. ಹೆಣ್ಣನ್ನು ಮಾರುವ ಪತ್ರ, ಬಿಡುವ ಪತ್ರ, ಇವನ್ನು ನಮ್ಮಲ್ಲಿ ಸೂರಿನಡಿ ಬರೆಯುವುದಿಲ್ಲ. ಸಮಾಧಿಗಳಾಚೆಯ ಬೀಳುನೆಲದಲ್ಲಿ ಕೂತು ಬರೆದು, ಬರೆದ ಕುಂಚವನ್ನು ಅಲ್ಲೇ ಬಿಸಾಡಿ ಬರಬೇಕು. ಆ ಜಾಗದಲ್ಲಿ ಹುಲ್ಲೂ ಹುಟ್ಟುವುದಿಲ್ಲವಂತೆ. ಅವಳನ್ನು ಮಾರಿದ ಪತ್ರ ಬರೆದವರು ನನ್ನಪ್ಪ, ಊರಿಗೆಲ್ಲ ಓದುಬರಹ ಬಲ್ಲ ಬಾಯ್ ಮಾಸ್ತರರು. ಬಿಸಾಡುವ ಕುಂಚಕ್ಕೆಂದು ಬೇರೆ ದುಡ್ಡು ಕಿತ್ತುಕೊಂಡು, ಕುಂಚವನ್ನು ಅಂಗಿಯ ತೋಳಿನೊಳಗೆ ಸೇರಿಸಿ ಮನೆಗೆ ತಂದರು. ಹೊಸವರ್ಷಕ್ಕೆ ಊರವರ ಬಾಗಿಲಿಗೆಲ್ಲ ಅದರಲ್ಲೇ ಶುಭವಾಕ್ಯ ಬರೆದುಕೊಟ್ಟರು. ನಾನು ಕಣ್ಣಾರೆ ಕಂಡೂ ತುಟಿ ಬಿಚ್ಚಲಿಲ್ಲ.

ಹೊಸ ಸರ್ಕಾರ ಬಂದ ಮೇಲೆ ಮದುವೆಗೂ ಹೊಸ ಕಾನೂನು ಬಂತು. ಬಾಳಲಾರದ ಹೆಣ್ಣು ಗಂಡನನ್ನು ಬಿಡಬಹುದು ಎಂದು ಡಂಗುರ ಸಾರಿದರು. ಮೈಸುಯಿ ಊರ ಮುಖ್ಯಸ್ಥ ಗಾಂಗ್‌ನ ಬಳಿ ಹೋಗಿ ಬಿಡುಗಡೆ ಕೇಳಿದಳು. ಅಷ್ಟರಲ್ಲಿ ಲಾಯ್‌ಶುನ್ ಅವನ ಮನೆಗೆ ಬೇಯಿಸಿದ ಹಂದಿತಲೆ ಕಳಿಸಿಯಾಗಿತ್ತು. ಅದನ್ನು ತಿಂದ ಜಿಡ್ಡುಗೈಯಲ್ಲೇ ಗಾಂಗ್ ಅವಳ ಹೆಬ್ಬೆರಳು ಹಿಡಿದು, ಕೆಂಪು ಮಸಿಗೆ ಅದ್ದಿ, ಕಾಗದಕ್ಕೆ ಒತ್ತಿಸಿದ. ಗಂಡನ ಜೊತೆ ಬಾಳಲು ಒಪ್ಪಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅವಳು ನಮ್ಮ ಅಂಗಳಕ್ಕೆ ಬಂದು ಬೂದಿ ಹಾಕಿ ಬೆರಳು ತಿಕ್ಕಿಯೇ ತಿಕ್ಕಿದಳು. ಕೆಂಪು ಹೋದಮೇಲೂ ಬಿಡಲಿಲ್ಲ.

ಆ ಚಳಿಗಾಲ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸ ನನ್ನ ತಲೆಗೆ ಬಂತು. ಉಳಿದವರೆಲ್ಲ ತಂತಮ್ಮ ಹೆಸರು ಬರೆಯಲು ಕೇಳಿದರು. ಮೈಸುಯಿ ಮಾತ್ರ ನನ್ನ ಪಕ್ಕಕ್ಕೆ ಸರಿದು ಕೂತಳು.

“ಅಕ್ಕ, ನಂಗೆ ಹೆಸ್ರು ಬೇಡ. ‘ಒಲ್ಲೆ’ ಅನ್ನೋಕೆ ಯಾವ ಅಕ್ಷರ ಇದೆಯೋ ಅದನ್ನ ಹೇಳ್ಕೊಡು. ಹೆಬ್ಬೆಟ್ಟಾದ್ರೆ ಯಾರು ಬೇಕಾದ್ರೂ ಹಿಡ್ಕೊಂಡು ಒತ್ತಿಸ್ತಾರೆ.”

ನಮ್ಮ ಲಿಪಿಯಲ್ಲಿ ಆ ಇಡೀ ಮಾತಿಗೆ ಒಂದೇ ಅಕ್ಷರ, ಅದಕ್ಕಿರುವುದು ನಾಲ್ಕೇ ಗೀಟು. ಮೇಲೊಂದು ಅಡ್ಡಗೀಟು, ಅದರಡಿಯಿಂದ ಎಡಕ್ಕೆ ಜಾರುವ ಇನ್ನೊಂದು, ನೆಟ್ಟಗೆ ಕೆಳಗಿಳಿಯುವ ಮತ್ತೊಂದು, ಕೊನೆಗೆ ಬಲಕ್ಕೊಂದು ತುಂಡುಗೀಟು. ಅವಳು ಮೊದಲು ನಡುಗಂಬ ನೆಟ್ಟು ಆಮೇಲೆ ಚಾವಣಿ ಹಾಕುತ್ತಿದ್ದಳು. ಮೇಲಿನದು ಮೊದಲು ಎಂದು ಗದರಿಸಿದೆ. ಮನೆಯಲ್ಲಿ ಒಲೆಬೂದಿ ಹರಡಿ, ಊಟದ ಕಡ್ಡಿಯಿಂದ ತಟ್ಟೆಯಗಲ ಬರೆದು ಅಳಿಸಿ ಬರೆದಳು. ಕೋಳಿ ಕೆದಕಿದ ಹಾಗಿದೆ ಎಂದು ಲಾಯ್‌ಶುನ್ ಅದರ ಮೇಲೆ ಕ್ಯಾಕರಿಸಿ ಉಗಿದ. ಅವಳು ಉಗುಳನ್ನು ಬೂದಿಯ ಸಮೇತ ಗೋರಿ ಎಸೆದು, ಹೊಸ ಬೂದಿ ಹರಡಿದಳು.

ಈ ಸಲ ಅರ್ಜಿ ನೇರವಾಗಿ ಹೋಬಳಿ ಕಚೇರಿಗೇ ಹೋಗಬೇಕಿತ್ತು. ಬರೆದುಕೊಡಿ ಎಂದರೆ ಅಪ್ಪ, ಅಂಥದ್ದನ್ನು ಬರೆದ ಕೈ ಕೊಳೆತುಹೋಗುತ್ತದೆ ಎಂದರು.

“ಅವಳನ್ನ ಮಾರೋ ಪತ್ರ ಬರೆದಾಗ ಕೊಳೀಲಿಲ್ವಲ್ಲಪ್ಪ” ಎಂದೆ.

ಅವರ ಕಣ್ಣೆದುರೇ, ನಾವು ಉಣ್ಣುವ ಮೇಜಿನ ಮೇಲೇ ಅರ್ಜಿ ಬರೆದೆ. ಮೂರು ದಿನ ಅವರು ಆ ಮೇಜಿನಲ್ಲಿ ಉಣ್ಣಲಿಲ್ಲ.

ನಾವಿಬ್ಬರೂ ಹೋಬಳಿ ಕಚೇರಿಗೆ ಹೋದರೆ, ಲಾಯ್‌ಶುನ್‌ನನ್ನು ಕಟ್ಟಿಕೊಂಡು ಗಾಂಗ್ ಮೊದಲೇ ಬಂದು ಕೂತಿದ್ದ, ಅದೇ ರಾಜಿಪತ್ರದ ಹೊಸ ಪ್ರತಿಯೊಂದಿಗೆ. ಹೋದ ವರ್ಷವೂ ಹೀಗೇ ಆಡಿದ್ದಳು, ಆಮೇಲೆ ಒಪ್ಪಿದಳು, ಹೆಂಗಸರ ಸಿಟ್ಟು ತಾನೇ ಎಂದು ಹಲ್ಲುಗಿಂಜುತ್ತ ಕೆಂಪು ಮಸಿಯ ಡಬ್ಬಿಯನ್ನು ಅವಳತ್ತ ತಳ್ಳಿದ. ಮೈಸುಯಿ ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು, ಬಲಗೈ ಚಾಚಿ ಅಧಿಕಾರಿಯ ಬಳಿ ಕುಂಚ ಕೇಳಿದಳು.

ಅವಳಿಗೆ ಗೊತ್ತಿದ್ದದ್ದು ಬೂದಿಯ ಅಳತೆ ಒಂದೇ. ಗಾಂಗ್‌ನ ಮುತ್ತಿನಂಥ ಸಾಲುಗಳ ಮೇಲೆಯೇ, ಇಡೀ ಹಾಳೆ ತುಂಬುವಂತೆ, ಕರ್ರಗೆ ಒಂದು ‘ಒಲ್ಲೆ’ ಎಳೆದಳು. ಮಸಿ ಮೇಜಿಗೂ ಇಳಿಯಿತು. ಸರ್ಕಾರದ ಕಾಗದ ಹಾಳುಮಾಡಿದಳು ಎಂದು ಗಾಂಗ್ ಹಾರಾಡಿದ. ಅಧಿಕಾರಿ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು, ಯಾರಾದರೂ ಕೈ ಹಿಡಿದು ಮಾಡಿಸಿದರೇ ಎಂದು ಕೇಳಿದ.

“ಹೋದ ಸಲ ಹಿಡಿದಿದ್ರು. ಈ ಸಲ ಇಲ್ಲ” ಎಂದಳು.

ಮಧ್ಯಾಹ್ನದೊಳಗೆ ಬಿಡುಗಡೆಯ ಪತ್ರ ಕೈಗೆ ಬಂತು. ಲಾಯ್‌ಶುನ್ ಅಧಿಕಾರಿಯನ್ನು ಕೇಳಿದ್ದು ಒಂದೇ ಮಾತು: ಎರಡು ಮೂಟೆ ನವಣೆ ವಾಪಸ್ಸು ಸಿಗುತ್ತದೆಯೇ? ಥೂ.

ಅವಳ ತವರಿನ ದಾರಿ ಕವಲೊಡೆಯುವ ತನಕ ಇಬ್ಬರೂ ಜೊತೆಯಲ್ಲೇ ನಡೆದೆವು. ನನಗೆ ಒಳಗೊಳಗೇ ಹೆಮ್ಮೆ. ಕಲಿಸಿದವಳು ನಾನು ತಾನೇ.

“ನಾಲ್ಕೇ ಗೀಟು” ಎಂದಳು ಮೈಸುಯಿ. “ನಿಂಗಿದು ಯಾವಾಗಿಂದ ಬರುತ್ತಕ್ಕ?”

“ಏಳನೇ ವಯಸ್ಸಿಂದ.”

ಅವಳು ಬೈಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಬಟ್ಟೆಯ ಗಂಟನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು.

“ನಾನು ನಿಮ್ಮ ಗೋಡೆಯಾಚೆಗೆ ಬಂದು ಒಂಬತ್ತು ವರ್ಷ ಆಯ್ತು ಕಣಕ್ಕ” ಎಂದು ಹೇಳಿ ತನ್ನ ದಾರಿ ಹಿಡಿದಳು.