ಹೆಸರಿಡದ ಮಗುವಿಗೂ ಒಂದು ಫೋಲ್ಡರ್

ಅಮೆರಿಕದ ಡುಲೂತ್ ಊರಿನ ಸರೋವರದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಫೋಟೋ ಕೋಣೆಯಲ್ಲಿ ಮಾರ್ಲಿಸ್ ಹೌಗನ್ ಹಿಮ ಮೆತ್ತಿದ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಟೈಪು ಮಾಡುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಫೋಲ್ಡರ್ ಸಿದ್ಧ. ಅದರೊಳಗೆ ಫೋಟೋಗಳಿಗೊಂದು ಜಾಗ, ಪುಟ್ಟ ಪಾದದ ಅಚ್ಚಿಗೊಂದು ಜಾಗ, ನರ್ಸುಗಳು ತಾಯಿಗೆ ಬರೆಯುವ ಪತ್ರಕ್ಕೆ ಖಾಲಿ ಫೈಲು.

ಉಸಿರಿಲ್ಲದೆ ಹುಟ್ಟಿದ ಮಕ್ಕಳ ಫೋಟೋಗಳನ್ನು ಜೋಡಿಸಿ ಮನೆಯವರ ಕೈಗೆ ಕೊಡುವುದು ಇವರ ಕೆಲಸ. ಮೊದಲು ಇದನ್ನೆಲ್ಲ ಒಂದೊಂದಾಗಿ ಮಾಡಬೇಕಿತ್ತು. ಕೋಟು ತೊಟ್ಟು ಬಾಗಿಲಲ್ಲಿ ಕಾಯುವ ತಾಯಂದಿರನ್ನು ನೋಡಲಾರದೆ, ಹಿಂದೆ ಅದಿರು ಸಾಗಿಸುವ ಹಡಗುಗಳ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಮಾರ್ಲಿಸ್, ಊರ ಗ್ರಂಥಾಲಯದಲ್ಲಿ ಕೂತು, ಈ ಕೆಲಸಗಳನ್ನು ಕಂಪ್ಯೂಟರೇ ಮಾಡುವಂತೆ ಆದೇಶಗಳ ಪಟ್ಟಿ, ಅಂದರೆ ಸ್ಕ್ರಿಪ್ಟ್, ಬರೆಯಲು ಕಲಿತರು.

"ಹೆಸರಿಡದ ಮಗು ಅಂದ್ರೆ 'ಹೆಸರಿಲ್ಲ' ಅಂತ ಫೋಲ್ಡರ್ ಆಗೋ ಹಾಗೆ ಬರೆದಿದ್ದೆ," ಎಂದು ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ. "ಒಂದಿನ ಅಂಥವು ಎರಡು ಬಂದ್ವು. ಎರಡನೇ ಮಗುವಿನ ಫೋಟೋಗಳು ಮೊದಲನೇದರ ಮೇಲೆ ಹೋಗಿ ಕೂತ್ವು. ಹಳೇವು ಅಳಿಸಿಹೋದ್ರೂ ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ. ಆ ತಾಯಿಗೆ ನಾನೇ ಹೋಗಿ ಹೇಳ್ದೆ. ಅವಳು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಷ್ಟರಲ್ಲಿ ಫೋನು. ಹೆರಿಗೆ ವಾರ್ಡಿನ ನರ್ಸ್ ವರ್ನಾ.

"ಎದ್ದಿದ್ದೀಯೇನೇ, ಮಾರ್ಲಿಸ್?"

"ಇಲ್ಲ ಕಣೇ, ನಿದ್ದೇಲೇ ಟೈಪ್ ಮಾಡ್ತಿದೀನಿ."

"ಮಗು ಕಳ್ಕೊಂಡ ಕೇಲಿನ್ ಇವತ್ತು ಮನೆಗೆ ಹೋಗ್ತಾಳೆ. ಮಗುವಿನ ಹೆಸರು ಕೇಳಿದ್ರೆ ಗೋಡೆ ಕಡೆ ತಿರುಗ್ತಾಳೆ. ಆಸ್ಪತ್ರೆಯವರು ತಂದಿರೋ ಈ ಹೊಸ ಪ್ರೋಗ್ರಾಂ ನೋಡಿದ್ರೆ ಹೆಸರಿಲ್ದೆ ಫೋಟೋನೇ ತಗೊಳ್ಳಲ್ಲ. ಏನಾದ್ರೂ ಒಂದು ಹಾಕ್ಬಿಡ್ಲಾ?"

"ಹಾಕ್ಬೇಡ! ಅವಳ ಮಗುಗೆ ಹೆಸರಿಡೋಕೆ ನೀನ್ಯಾರೇ? ಆ ಪ್ರೋಗ್ರಾಂ ಮುಚ್ಚು. ಫೋಟೋ ಇರೋ ಕಾರ್ಡ್ ನನಗೆ ಕಳಿಸು."

ಕ್ಯಾಮೆರಾ ಕಾರ್ಡನ್ನು ತಂದದ್ದು ಸ್ವತಃ ಕೇಲಿನ್. ಆಸ್ಪತ್ರೆಯ ಚಪ್ಪಲಿ, ಗಂಡನ ಜಾಕೆಟ್ಟು. ಮಗುವಿಲ್ಲದ ತೋಳುಗಳನ್ನು ಎಲ್ಲಿಡಬೇಕೆಂದು ತಿಳಿಯದ ಹಾಗೆ ನಿಂತಿದ್ದಾಳೆ.

"ಹೆಸರಿಲ್ದಿದ್ರೆ ಅವಳನ್ನ ಎಲ್ಲಿಡ್ತೀರಿ?"

ಮಾರ್ಲಿಸ್ ಪರದೆಯನ್ನು ಅವಳ ಕಡೆ ತಿರುಗಿಸುತ್ತಾರೆ. "ಇಲ್ಲಿ ನೋಡು ಪುಟ್ಟಾ. ಫೋಲ್ಡರಿನ ಮೇಲೆ ನಿನ್ನ ಹೆಸರು, ಅವಳು ಬಂದ ಹೊತ್ತು. ಇದೇ ಥರದ್ದು ಇನ್ನೊಂದು ಇದ್ರೆ ಈಗ ನನ್ನ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ. ಯಾರ ಮೇಲೂ ಯಾರೂ ಕೂರಲ್ಲ."

"ಮುಂದೆ ಯಾವತ್ತಾದ್ರೂ ಇಡಬೇಕು ಅನ್ನಿಸಿದ್ರೆ?"

"ಆವತ್ತು ಫೋನ್ ಮಾಡು. ಅನ್ನಿಸದಿದ್ರೂ ಅವಳ ಜಾಗ ಅವಳದೇ."

ಫೋಟೋಗಳು ಒಂದೊಂದಾಗಿ ಒಳಗೆ ಸೇರುತ್ತವೆ. ಕೇಲಿನ್ ಬಗ್ಗಿ ನೋಡುತ್ತಾಳೆ. "ನಮ್ಮಜ್ಜಿ ಮೂಗು," ಎನ್ನುತ್ತಾಳೆ. ಅಳುತ್ತಲೇ ಒಂದಿಷ್ಟು ನಗುತ್ತಾಳೆ. ಮಾರ್ಲಿಸ್ ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು, ಪಕ್ಕದಲ್ಲಿ ನಿಂತೇ ಉಳಿದ ಕೆಲಸ ಮುಗಿಸುತ್ತಾರೆ.

ಬೇಸಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲೆಲ್ಲ ಹೊಸ ಪ್ರೋಗ್ರಾಂ ಒಂದೇ ಇರುತ್ತದಂತೆ. ಬೇಸರವಿಲ್ಲವೇ ಎಂದು ಕೇಳುತ್ತೇನೆ.

"ಅದು ನನ್ನದಕ್ಕಿಂತ ಚೆಂದ ಇದೆಯಪ್ಪ, ಬಣ್ಣ ಬಣ್ಣ," ಎಂದು ನಗುತ್ತಾರೆ ಮಾರ್ಲಿಸ್. "ಹೆಸರಿನ ಜಾಗ ಖಾಲಿ ಬಿಡೋಕೆ ಅದಕ್ಕೂ ಕಲಿಸಿ ಅಂತ ಅದನ್ನ ಮಾಡಿದವರಿಗೆ ಹೇಳಿದೀನಿ. ಅವರು ಕಲಿಸೋವರೆಗೂ ನಾನು ನಿವೃತ್ತಿ ತಗೊಳ್ಳಲ್ಲ."